ಪಾಳಿ ಬೇಡ ಅಂದವನ ಎರಡೆಕರೆ ಹತ್ತಿ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ಬೇಜಾರಿಲ್ಲ. ಹಿರಿಯೂರಿನಲ್ಲಿ ಬಸ್ ಹತ್ತಿ, ಜವನಗೊಂಡನಹಳ್ಳಿಯಲ್ಲಿ ಇಳಿದು, ಟೀ ಅಂಗಡಿ ಮುಂದೆ ನಿಂತು "ಪಾಳಿ ಬೇಡ ಅಂದವನ ಹೊಲ ಎಲ್ಲೈತೆ?" ಅಂತ ಕೇಳಿ. ಅಲ್ಲಿ ಕುಂತವರೆಲ್ಲ ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ. ಹೋಬಳಿಯಲ್ಲಿ ಇಷ್ಟು ಹೆಸರು ಮಾಡಿದ ಇಪ್ಪತ್ತಾರು ವರ್ಷದವನು ಇನ್ನೊಬ್ಬ ಇದ್ದರೆ ಕರೆದುಕೊಂಡು ಬನ್ನಿ, ಮೀಸೆ ಬೋಳಿಸುತ್ತೇನೆ.

ಹತ್ತಿ ಹಾಕಿದ ಮೇಲೆ ಇಂಥವು ಆಗುತ್ತಲೇ ಇರುತ್ತವೆ. ಶೇಂಗಾ ಹಾಕುತ್ತಿದ್ದಾಗ ಒಂದೂ ಆಗಿರಲಿಲ್ಲ. ಶೇಂಗಾ ನೆಲದೊಳಗೆ ಏನು ಮಾಡುತ್ತಿದೆಯೋ ಯಾರಿಗೂ ಕಾಣುವುದಿಲ್ಲ. ಹತ್ತಿ ಹಾಗಲ್ಲ. ನಾವು ಮಾಡಿದ ತಪ್ಪನ್ನೆಲ್ಲ ಎದ್ದು ನಿಂತು ಊರಿಗೆ ತೋರಿಸುತ್ತದೆ.

೧. ಎತ್ತರ ಎಷ್ಟು, ದಿನ ಎಷ್ಟು

ಮೊದಲು ಮನೆಯವರ ವಿಷಯ ಹೇಳಿಬಿಡುತ್ತೇನೆ. ಅಪ್ಪನಿಗೆ ಹೊಳಲ್ಕೆರೆಯ ಒಂದು ಶಾಲೆಯಲ್ಲಿ ಅಟೆಂಡರ್ ಕೆಲಸ. ಅವ್ವನೂ ಅಲ್ಲೇ. ಅವರ ಎರಡೆಕರೆ ಎರೆಹೊಲ ನನ್ನ ಕೈಯಲ್ಲಿ, ನನ್ನ ಊಟ ದೊಡ್ಡಮ್ಮನ ಕೈಯಲ್ಲಿ. ಪಕ್ಕದ ಎರಡೆಕರೆ ದೊಡ್ಡಪ್ಪನದು. ಎರಡು ಹೊಲಕ್ಕೂ ಸೇರಿ ಒಂದೇ ಬೋರು, ಒಂದೂವರೆ ಇಂಚು ನೀರು. ಮೂರು ದಿನ ನಮ್ಮ ಪಾಳಿ, ಮೂರು ದಿನ ಅವರ ಪಾಳಿ.

ಬೋರಿನ ಸ್ಟಾರ್ಟರ್ ಡಬ್ಬಿ ಹೊಲದ ತುದಿಯಲ್ಲಿ, ಹೊಂಗೆ ಮರದ ಕೆಳಗಿದೆ. ಅದಕ್ಕೊಂದು ಬೀಗ. ಬೀಗದ ಕೈ ದೊಡ್ಡಪ್ಪನ ಉಡಿದಾರದಲ್ಲಿ. ಸ್ನಾನ ಮಾಡುವಾಗಲೂ ಅದನ್ನು ಬಿಚ್ಚುವವನಲ್ಲ. ಆದರೆ ಡಬ್ಬಿ ಒಮ್ಮೆ ಶಾಕ್ ಹೊಡೆದ ಮೇಲೆ ಆ ಮರದ ನೆರಳಿಗೂ ಹೋದವನಲ್ಲ. ನಮ್ಮ ಕಡೆ ತ್ರೀ ಫೇಸ್ ಕರೆಂಟು ಬರುವುದು ಬೆಳಿಗ್ಗೆ. ಆ ಹೊತ್ತಿಗೆ ನಾನು ಡೇರಿಯ ಹಾಲಿನ ಗಾಡಿ ಓಡಿಸುತ್ತಿರುತ್ತೇನೆ. ಹಾಗಾಗಿ ಮೋಟರ್ ಹಾಕುವುದು, ಆರಿಸುವುದು, ಯಾವ ಹೊಲದ ಡ್ರಿಪ್ಪಿಗೆ ನೀರು ತಿರುಗಿಸುವುದು ಎಲ್ಲ ದೊಡ್ಡಮ್ಮನ ಪಾಲಿಗೆ. ಪ್ರತಿ ಸಲವೂ ಆಕೆ ಬಂದು ಕೇಳಬೇಕು. ದೊಡ್ಡಪ್ಪ ಉಡಿದಾರ ಸಡಿಲಿಸಿ ಬೀಗದ ಕೈಯನ್ನು ಪೂಜಾರಿ ತೀರ್ಥ ಕೊಟ್ಟ ಹಾಗೆ ಕೊಡಬೇಕು. ಕೆಲಸ ಮುಗಿದ ಮೇಲೆ ಆಕೆ ಅದನ್ನು ತಂದು ಒಪ್ಪಿಸಬೇಕು.

ನನಗೆ ಆ ಬೀಗದ ಕೈ ಬೇಕಾಗಿತ್ತು. ಯಾವ ಗಿಡಕ್ಕೆ ಯಾವಾಗ ನೀರು, ಎಷ್ಟು ನೀರು ಅಂತ ತಲೆ ಕೆಡಿಸಿಕೊಂಡು ಓದಿದವನು, ಕೇಳಿದವನು, ನೆಲ ಕೆದಕಿ ನೋಡಿದವನು ನಾನು. ಬೀಗದ ಕೈ ಕೇಳಿದರೆ ಮಾತ್ರ ದೊಡ್ಡಪ್ಪನಿಂದ ಒಂದೇ ಉತ್ತರ, ನೀನಿನ್ನೂ ಹುಡುಗ.

ಆ ಮುಂಗಾರಿಗೆ ಎರಡೂ ಹೊಲಕ್ಕೆ ಹತ್ತಿ ಅಂತ ತೀರ್ಮಾನವಾಯಿತು. ದೊಡ್ಡಪ್ಪ ಹೊಳಲ್ಕೆರೆ ಕಡೆಯ ರಾಮಗಿರಿಯ ಬೀಗರ ಮನೆಗೆ ಹೋಗಿದ್ದಾಗ ಅವರ ಹತ್ತಿ ನೋಡಿಕೊಂಡು ಬಂದಿದ್ದ. ಹೆಗಲೆತ್ತರದ ಗಿಡ. ಬಂದವನೇ ಅದೇ ಬೀಜ ಬೇಕು ಅಂತ ಕುಂತ. ನಾನು ಬಿಡಿಸಿ ಹೇಳಿದೆ. ಹೊಳಲ್ಕೆರೆ ಸೀಮೆಯ ಮಳೆ ಬೇರೆ, ಅಲ್ಲಿ ಮುಂಗಾರೂ ಬರುತ್ತದೆ ಹಿಂಗಾರೂ ಬರುತ್ತದೆ. ನಮ್ಮಲ್ಲಿ ದೂರದ ಜೋಗಿಮಟ್ಟಿ ಬೆಟ್ಟದ ಮೇಲೆ ಮೋಡ ಇಳಿದ ದಿನವೂ ಇಲ್ಲಿಗೆ ಬರುವುದು ಗಾಳಿ ಮಾತ್ರ. ಮಳೆ ತಡವಾಗಿ ಬಂದು ಬೇಗ ಹೊರಡುತ್ತದೆ, ಅದರ ಹಿಂದೆಯೇ ಬೋರಿನ ನೀರೂ ಇಳಿಯುತ್ತದೆ. ಇಷ್ಟು ಸಣ್ಣ ಹಂಗಾಮಿಗೆ ಬೇಗ ಹೂ ಬಿಟ್ಟು, ಬೇಗ ಕಾಯಿ ಕಟ್ಟಿ, ಬೇಗ ಒಡೆಯುವ ಗಿಡ ಬೇಕೇ ಹೊರತು ಆಕಾಶ ಮುಟ್ಟುವ ಗಿಡ ಅಲ್ಲ.

ಹಿರಿಯೂರಿನ ಬೀಜದ ಅಂಗಡಿಗೆ ಇಬ್ಬರೂ ಹೋದೆವು. ದೊಡ್ಡಪ್ಪ ಒಂದೊಂದು ಪ್ಯಾಕೆಟ್ ಎತ್ತಿ "ಇದು ಎಷ್ಟು ಎತ್ತರ ಬೆಳೀತದೆ?" ಅಂತ ಕೇಳುತ್ತಿದ್ದ. ನಾನು ಅದೇ ಪ್ಯಾಕೆಟ್ ಇಸಿದುಕೊಂಡು "ಇದು ಎಷ್ಟು ದಿನಕ್ಕೆ ಒಡೀತದೆ?" ಅಂತ ಕೇಳುತ್ತಿದ್ದೆ. ಪ್ಯಾಕೆಟ್ಟುಗಳ ಮೇಲೆಲ್ಲ ಅದೇ ದಪ್ಪ ಕಾಯಿ, ಅದೇ ಬೆಳ್ಳಗಿನ ಹತ್ತಿ, ಅದನ್ನು ಹಿಡಿದುಕೊಂಡವನ ಮುಖದಲ್ಲಿ ಅದೇ ನಗು. ಅಂಗಡಿಯವನು ಕೊನೆಗೆ ಒಳಗೆ ಹೋಗಿ ಧೂಳು ಹಿಡಿದ ಒಂದು ಪ್ಯಾಕೆಟ್ ತಂದ. ಗಿಡ ಸೊಂಟದ ಮೇಲೆ ಬರುವುದಿಲ್ಲ, ಒತ್ತೊತ್ತಾಗಿ ಹಾಕಬೇಕು, ಉಳಿದವಕ್ಕಿಂತ ಒಂದು ತಿಂಗಳು ಮುಂಚೆ ಒಡೆಯುತ್ತದೆ ಅಂದ. ಎತ್ತರ ಇಲ್ಲ ಅಂತ ಯಾರೂ ಒಯ್ದಿರಲಿಲ್ಲವಂತೆ. ನಾನು ಅದನ್ನೇ ತೆಗೆದುಕೊಂಡೆ.

ದೊಡ್ಡಪ್ಪ ಪ್ಯಾಕೆಟ್ಟಿನ ಮೇಲಿನ ಗಿಡವನ್ನು ಕಣ್ಣು ಕಿರಿದು ಮಾಡಿ ನೋಡಿ, ಲೇ, ನೀನು ಹಾಕಾದು ಹತ್ತಿನೋ ಕೊತ್ತಂಬರಿನೋ ಅಂತ ಕೇಳಿದ. ಅಂಗಡಿಯಲ್ಲಿದ್ದ ಜನ ನಕ್ಕರು. ಜನ ನಕ್ಕರೆ ನನಗೆ ರಕ್ತ ಕುದಿಯುತ್ತದೆ. ಅಲ್ಲೇ ಪಂದ್ಯ ಕಟ್ಟಿದೆ. ನನ್ನ ಎರಡೆಕರೆ ಅವನ ಎರಡೆಕರೆಗಿಂತ ಮುಂಚೆ ಬಿಡಿಸಿ ಮುಗಿಯಬೇಕು, ಮೂಟೆಯೂ ಹೆಚ್ಚು ಬರಬೇಕು. ಬಂದರೆ ಬೀಗದ ಕೈ ನನ್ನದು. ಬರದಿದ್ದರೆ ಜೀವ ಇರುವ ತನಕ ಅದರ ಮಾತು ಎತ್ತುವುದಿಲ್ಲ.

ದೊಡ್ಡಪ್ಪ ಒಪ್ಪಿದ. ಅಂಗಡಿಯವನು ಇಬ್ಬರಿಗೂ ಚೀಟಿ ಬರೆದು ಕೊಡುತ್ತಾ ಹೇಳಿದ, "ಪಂದ್ಯಕ್ಕೆ ನಾನೇ ಸಾಕ್ಷಿ. ಆದ್ರೆ ಯಾರು ಸೋತ್ರೂ ಬೀಜ ವಾಪಸ್ ತಗಳಲ್ಲ."

೨. ಬಾಡಿದವರು

ಬೀಜ ಮೊಳೆತ ವಾರದಲ್ಲೇ ನಾನು ಒಂದು ಚಾರ್ಟ್ ಮಾಡಿದೆ. ರಟ್ಟಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು, ಯಾವ ತಾರೀಕು ನೀರು, ಎಷ್ಟು ಗಂಟೆ ನೀರು ಅಂತ ಮೂರು ಬಣ್ಣದ ಸ್ಕೆಚ್ ಪೆನ್ನಲ್ಲಿ ಬರೆದು ದನದ ಕೊಟ್ಟಿಗೆಯ ಗೋಡೆಗೆ ನೇತು ಹಾಕಿದೆ. ದೊಡ್ಡಮ್ಮನನ್ನು ಅದರ ಮುಂದೆ ನಿಲ್ಲಿಸಿ ಅರ್ಧ ಗಂಟೆ ಪಾಠ ಮಾಡಿದೆ. ಶುರುವಿನಲ್ಲಿ ಕೈ ಬಿಗಿಹಿಡಿದು ನೀರು ಕೊಡಬೇಕು, ಆಗ ಬೇರು ನೀರು ಹುಡುಕಿಕೊಂಡು ಕೆಳಗೆ ಹೋಗುತ್ತದೆ. ಮೇಲೆ ಮೇಲೆ ನೀರು ಸಿಕ್ಕರೆ ಬೇರು ಸೋಮಾರಿಯಾಗುತ್ತದೆ. ಹೂವು ಕಾಯಿ ಇರುವಾಗ ಮಾತ್ರ ತಪ್ಪಿಸಬಾರದು. ಕಾಯಿ ಒಡೆಯಲು ಶುರುವಾದರೆ ನಿಲ್ಲಿಸಬೇಕು. ದೊಡ್ಡಮ್ಮ ಎಲ್ಲ ಕೇಳಿ "ಆತು ಮಗಾ" ಅಂದಳು. ಒಂದೂ ಪ್ರಶ್ನೆ ಕೇಳಲಿಲ್ಲ. ನಾನು ಅಷ್ಟು ಚೆನ್ನಾಗಿ ವಿವರಿಸಿದ್ದೆ.

ಒಂದು ಮಧ್ಯಾಹ್ನ ಹೊಲಕ್ಕೆ ಹೋಗಿ ನೋಡುತ್ತೇನೆ, ಎರಡೆಕರೆಯೂ ತಲೆ ಬಗ್ಗಿಸಿ ನಿಂತಿದೆ. ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿವೆ. ಚಾರ್ಟಿನ ಪ್ರಕಾರ ಇನ್ನೂ ನಾಲ್ಕು ದಿನ ನೀರಿಲ್ಲ. ಬದುವಿನ ಮೇಲೆ ನಿಂತುಕೊಂಡೇ ಕೃಷಿ ಇಲಾಖೆಯ ಮೇಡಂಗೆ ಫೋನ್ ಮಾಡಿದೆ. ನನ್ನ ಅರ್ಧ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದವರು ಅವರೇ.

ಈಗ ಗಂಟೆ ಎಷ್ಟು ಅಂತ ಕೇಳಿದರು. ಎರಡು ಅಂದೆ. ನಾಳೆ ಬೆಳಿಗ್ಗೆ ಆರಕ್ಕೆ ನೋಡಿ, ಆಗಲೂ ಹೀಗೇ ಬಾಡಿದ್ದರೆ ನೀರು ಕೊಡಿ ಅಂದರು. ಅಷ್ಟರೊಳಗೆ ಗಿಡ ಸತ್ತರೆ ಅಂತ ನಾನು ವಾದ ಹಾಕಿದೆ. ಮೇಡಂ ಹೇಳಿದರು, "ಈ ಬಿಸಿಲಲ್ಲಿ ನಿಮ್ಮ ದೊಡ್ಡಪ್ಪನೂ ಬಾಡಿರ್ತಾರೆ, ಹೋಗಿ ನೋಡಿ. ಅವರಿಗೂ ಡ್ರಿಪ್ ಹಾಕ್ತೀರಾ?"

ನಾನು ಪರೀಕ್ಷೆ ಮಾಡದೆ ಯಾವುದನ್ನೂ ನಂಬುವವನಲ್ಲ. ಮನೆಗೆ ಹೋಗಿ ನೋಡಿದೆ. ದೊಡ್ಡಪ್ಪ ಜಗಲಿ ಮೇಲೆ ಕೈಕಾಲು ಚೆಲ್ಲಿ, ಬಾಯಿ ತೆರೆದು ಬಿದ್ದಿದ್ದ. ಎಬ್ಬಿಸಿದರೂ ಏಳಲಿಲ್ಲ. ಸಂಜೆ ಐದೂವರೆಗೆ ಯಾರೂ ಏನೂ ಹಾಕದೆ ತಾನಾಗಿಯೇ ಎದ್ದು, ನನ್ನ ಚಪ್ಪಲಿ ಎಲ್ಲಿಟ್ರಿ ಅಂತ ಊರು ಕೇಳುವ ಹಾಗೆ ಕೂಗಿದ. ಮರುದಿನ ಬೆಳಿಗ್ಗೆ ಗಾಡಿ ಹತ್ತುವ ಮೊದಲು ಹೊಲಕ್ಕೆ ಹೋದರೆ ಹತ್ತಿ ಎಲೆಗಳು ಕರುವಿನ ಕಿವಿಯ ಹಾಗೆ ನೆಟ್ಟಗಿದ್ದವು.

ಖುಷಿ ತಡೆಯಲಾರದೆ ಸರಿಯಾಗಿ ಆರು ಗಂಟೆಗೆ ಮೇಡಂಗೆ ಫೋನ್ ಮಾಡಿ, "ಎದ್ದೈತೆ ಮೇಡಂ" ಅಂದೆ. ಅವರು ನಿದ್ದೆಗಣ್ಣಲ್ಲಿ "ಸಂತೋಷ. ನಾನಿನ್ನೂ ಎದ್ದಿಲ್ಲ" ಅಂದು ಫೋನ್ ಇಟ್ಟರು.

೩. ಪಾಳಿಯೋ ಪಾಲೋ

ಇದನ್ನು ಓದುವ ಮೊದಲು ನಮ್ಮೂರಿನ ಒಂದು ರೂಢಿ ನಿಮಗೆ ಗೊತ್ತಿರಬೇಕು. ನೀರಿನ ಪಾಳಿ ಬಂದರೆ ಯಾರೂ ಬಿಡುವುದಿಲ್ಲ. ಮಳೆ ಸುರಿಯುತ್ತಿದ್ದರೂ ತಲೆ ಮೇಲೆ ಗೊಬ್ಬರದ ಚೀಲ ಹಾಕಿಕೊಂಡು ಹೋಗಿ ಮೋಟರ್ ಹಾಕುತ್ತಾರೆ. ಇವತ್ತು ಬಿಟ್ಟರೆ ನಾಳೆ ಆ ಕಡೆಯವರು 'ನಿಮಗೆ ಬೇಕಿರಲಿಲ್ಲವಲ್ಲ' ಅಂದುಬಿಟ್ಟರೆ ಅನ್ನುವ ಭಯ. ಗಿಡಕ್ಕೆ ನೀರು ಬೇಕೋ ಬೇಡವೋ ಅನ್ನುವುದು ಆಮೇಲಿನ ಮಾತು.

ಮೊಗ್ಗು ಕಟ್ಟುವ ಹೊತ್ತಿಗೆ ಎರಡು ದಿನ ಒಳ್ಳೆ ಮಳೆ ಬಿತ್ತು. ಮೂರನೇ ದಿನ ನನ್ನ ಪಾಳಿ. ಎರೆಮಣ್ಣು ನೀರು ಕುಡಿದು ಹದವಾಗಿತ್ತು. ಈಗ ಇನ್ನಷ್ಟು ಸುರಿದರೆ ಗಿಡ ಸುಮ್ಮನೆ ಸೊಕ್ಕಿ ಎತ್ತರಕ್ಕೆ ಹೋಗುತ್ತದೆ, ಮೊಗ್ಗು ಉದುರಿಸುತ್ತದೆ. ಬೆಳಿಗ್ಗೆ ಹಾಲಿನ ಗಾಡಿಯಲ್ಲಿ ಹೋಗುತ್ತಲೇ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಬೀಗದ ಕೈ ಅವನ ಹತ್ತಿರ ತಾನೇ ಇರುವುದು. ಹಿಂದೆ ಕ್ಯಾನುಗಳು ಗಡಗಡ ಅನ್ನುತ್ತಿದ್ದವು.

"ದೊಡ್ಡಪ್ಪಾ, ನಂಗೆ ಪಾಳಿ ಬೇಡ. ನೀನೇ ಇಟ್ಕ."

"ಯಾಕ್ ಮಗಾ? ಏನಾತು?"

"ಸಾಕಾಗೈತೆ ದೊಡ್ಡಪ್ಪ" ಅಂದೆ. ನೆಲಕ್ಕೆ ಸಾಕಾಗಿದೆ ಅಂತ ನನ್ನ ಅರ್ಥ. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ದೊಡ್ಡಪ್ಪನಿಗೆ ಕೇಳಿದ್ದು 'ಪಾಲು ಬೇಡ' ಅಂತ. ಅವನ ಕಿವಿಯದೂ ತಪ್ಪಿಲ್ಲ. ಪಾಳಿ ಬೇಡ ಅಂದ ಮನುಷ್ಯನನ್ನು ಅವನು ಹುಟ್ಟಿದಾಗಿನಿಂದ ನೋಡಿಲ್ಲ. ಆಸ್ತಿಯಲ್ಲಿ ಪಾಲು ಬೇಡ ಅಂದವರನ್ನಾದರೂ ಒಬ್ಬಿಬ್ಬರನ್ನು ನೋಡಿದ್ದ.

ಹತ್ತು ಗಂಟೆಗೆ ನಾನು ಊರಿಗೆ ಬಂದರೆ ಮನೆ ಮುಂದೆ ಜನ. ಪಾಲು ಬೇಡ, ಜೀವನವೇ ಸಾಕಾಗಿದೆ ಅಂತ ಹೇಳಿ ಹುಡುಗ ಗಾಡಿ ಸಮೇತ ಹೋದ ಅಂತ ಸುದ್ದಿ. ಅರ್ಧ ಜನ ನಾನು ಯಾವುದೋ ಮಠ ಸೇರಿದೆ ಅಂದಿದ್ದರಂತೆ, ಇನ್ನರ್ಧ ಜನ ಯಾವುದೋ ಹುಡುಗಿಯ ಹೆಸರು ಹುಡುಕುತ್ತಿದ್ದರಂತೆ. ಹೊಸದುರ್ಗಕ್ಕೆ ಕೊಟ್ಟ ನಮ್ಮಕ್ಕ ಫೋನಿನಲ್ಲಿ ಅಳುತ್ತಿದ್ದಳು. ಅಪ್ಪ ಶಾಲೆಗೆ ರಜೆ ಹಾಕಿ ಹೊಳಲ್ಕೆರೆಯಿಂದ ಆಗಲೇ ಹೊರಟಿದ್ದ. ನಾನು ಗಾಡಿಯಿಂದ ಇಳಿದ ಕೂಡಲೇ ಇಬ್ಬರು ನನ್ನ ರಟ್ಟೆ ಹಿಡಿದು ಜಗಲಿ ಮೇಲೆ ಕೂರಿಸಿದರು. ದೊಡ್ಡಪ್ಪನ ಕಣ್ಣಲ್ಲಿ ನೀರು. ನನ್ನ ತಲೆ ಸವರಿ, "ಪಾಲು ಬೇಡ ಅನ್ಬ್ಯಾಡ ಮಗಾ, ಬೇಕಾದ್ರೆ ನಂದೂ ಅರ್ಧ ಎಕರೆ ತಗ" ಅಂದ.

ಒಂದು ನಿಮಿಷ ಸುಮ್ಮನಿದ್ದಿದ್ದರೆ ಅರ್ಧ ಎಕರೆ ಬರುತ್ತಿತ್ತು. ಆದರೆ ನಾನು ಸತ್ಯವಂತ. ಪಾಲಲ್ಲ ದೊಡ್ಡಪ್ಪ, ಪಾಳಿ, ನೀರಿನ ಪಾಳಿ, ನೆಲ ಹದವಾಗೈತೆ ಅದಕ್ಕೆ ಬೇಡ ಅಂದೆ ಅಂತ ಹೇಳಿದೆ. ಒಳಗೆ ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದ ದೊಡ್ಡಮ್ಮ ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ಅವಳ ಭುಜ ಮಾತ್ರ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆ ಅಂತಲೇ ನಾನು ತಿಳಿದೆ.

ದೊಡ್ಡಪ್ಪ ನನ್ನ ತಲೆ ಮೇಲಿಂದ ಕೈ ತೆಗೆದ. ಕಣ್ಣು ಒರೆಸಿಕೊಂಡ. ಆಮೇಲೆ ಎದ್ದು ನಿಂತು ಬೈಯಲು ಶುರು ಮಾಡಿದ.

"ಪಾಲು ಬಿಟ್ರೆ ಬಿಡ್ಲಿ ಹೋಗ್ಲಿ ಅನ್ಬೋದು. ಪಾಳಿ ಬಿಡ್ತಾರೇನೋ, ತಲೆ ನೆಟ್ಟಗೈತಾ ನಿಂಗೆ?"

೪. ಎರಡು ಬಣ್ಣ

ಹೂವು ಶುರುವಾಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಒಂದೇ ಗಿಡದಲ್ಲಿ ಒಂದು ಹೂ ಹಾಲಿನ ಹಾಗೆ ಬಿಳಿ, ಇನ್ನೊಂದು ಗುಲಾಬಿ. ಪಕ್ಕದ ಗಿಡದಲ್ಲೂ ಹಾಗೇ. ಸಾಲೆಲ್ಲ ಹಾಗೇ. ಶೇಂಗಾ, ಈರುಳ್ಳಿ ಬೆಳೆದ ಮನೆ ನಮ್ಮದು, ಹತ್ತಿ ಹೂವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೀಜದವನು ಎರಡು ತಳಿ ಬೆರೆಸಿ ಕೊಟ್ಟಿದ್ದಾನೆ ಅಂತ ತೀರ್ಮಾನಿಸಿದೆ. ತೀರ್ಮಾನಕ್ಕೆ ಬರುವುದರಲ್ಲಿ ನಾನು ಬಹಳ ಚುರುಕು.

ಒಂದು ರೆಂಬೆ ಮುರಿದುಕೊಂಡು ನೇರ ಹಿರಿಯೂರಿಗೆ ಹೋದೆ. ಅಂಗಡಿಯಲ್ಲಿ ಏಳೆಂಟು ಗಿರಾಕಿಗಳು. ರೆಂಬೆಯನ್ನು ಗಲ್ಲಾಪೆಟ್ಟಿಗೆ ಮೇಲೆ ಇಟ್ಟು, ಇದೇನ್ರಿ ಮೋಸ, ಒಂದೇ ಗಿಡಕ್ಕೆ ಎರಡು ಬಣ್ಣ, ಓದಿದವನಿಗೇ ಹೀಗಾದರೆ ಉಳಿದವರ ಗತಿ ಏನು ಅಂತ ಒಂದು ಭಾಷಣ ಮಾಡಿದೆ. ಇಬ್ಬರು ಗಿರಾಕಿಗಳು ಬೀಜ ತೆಗೆದುಕೊಳ್ಳದೆ ಎದ್ದು ಹೋದರು. ಅಂಗಡಿಯವನು ಬಿಳಿ ಹೂವನ್ನು ತೊಟ್ಟಿನ ಸಮೇತ ಬಿಡಿಸಿ, ತಾನು ನೀರು ಕುಡಿಯುವ ಲೋಟದಲ್ಲಿ ಇಟ್ಟು, ನಾಳೆ ಬರ್ರಿ ಅಂದ.

ಮರುದಿನ ಹೋದೆ. ಅದೇ ಲೋಟ, ಅದೇ ತೊಟ್ಟು. ಹೂವು ಗುಲಾಬಿ. ಹತ್ತಿ ಹೂವು ಅರಳಿದ ದಿನ ಬಿಳಿ, ಮರುದಿನ ಗುಲಾಬಿ, ಆಮೇಲೆ ಉದುರಿ ಕಾಯಿ ಅಂತ ಅವನು ನಿಧಾನಕ್ಕೆ ಹೇಳಿದ. ನಿನ್ನೆ ಎದ್ದು ಹೋದ ಇಬ್ಬರನ್ನೂ ಅವನು ಕರೆಸಿ ಕೂರಿಸಿಕೊಂಡಿದ್ದ. ನನ್ನ ಮುಖ ಕಿವಿಯ ತನಕ ಕೆಂಪೇರಿತು.

"ನೋಡ್ರಪ್ಪ" ಅಂದ ಅವನು ಅವರಿಗೆ, "ನಿನ್ನೆ ಬಂದಾಗ ಇವರೂ ಬೆಳ್ಳಗಿದ್ರು."

ಆದರೆ ಹೇಳಿ ಕೇಳಿ ನಾನು. ಬರಿಗೈಲಿ ಬರುವವನಲ್ಲ. ಹಾಗಾದರೆ ಬಿಳಿ ಹೂವು ಅಂದರೆ ಇವತ್ತಿನ ಹೂವು ಅಂತಾಯಿತಲ್ಲ, ಅದರಿಂದ ಏನಾದರೂ ತಿಳಿಯುತ್ತದಾ ಅಂತ ಅಲ್ಲೇ ನಿಂತು ಕೇಳಿದೆ. ತಿಳಿಯುತ್ತದೆ ಅಂದ. ಬಿಳಿ ಹೂವು ಗಿಡದಲ್ಲಿ ದಿನ ದಿನಕ್ಕೂ ಮೇಲೆ ಹತ್ತುತ್ತದಂತೆ. ಅದರ ಮೇಲೆ ಇನ್ನೂ ಏಳೆಂಟು ಗೆಣ್ಣು ಉಳಿದಿದ್ದರೆ ಗಿಡಕ್ಕೆ ಕಸುವಿದೆ. ಹೂವು ನೆತ್ತಿಗೇ ಬಂದು ಕುಂತರೆ ಗಿಡ ಬೆಳೆಯುವುದು ಮುಗಿಸಿದೆ, ಇನ್ನು ಇರುವ ಕಾಯಿ ಬಲಿಯುವಷ್ಟು ನೀರು ಸಾಕು. ಅವತ್ತಿನಿಂದ ನಾನು ದಿನವೂ ಹತ್ತು ಗಿಡದ ಗೆಣ್ಣು ಎಣಿಸಿದೆ. ನನ್ನ ಕುಳ್ಳ ಗಿಡದಲ್ಲಿ ಹೂವು ನೆತ್ತಿ ಮುಟ್ಟಿದಾಗ ದೊಡ್ಡಪ್ಪನ ಗಿಡದಲ್ಲಿ ಅದು ಇನ್ನೂ ಮೊಣಕಾಲ ಹತ್ತಿರ ಮೆಟ್ಟಿಲು ಹತ್ತುತ್ತಿತ್ತು.

೫. ಮರದ ಮೇಲಿನ ಉಂಡೆಗಳು

ಈಗ ನನ್ನ ತಲೆ ತಿಂದ ಒಂದು ವಿಷಯ ಹೇಳುತ್ತೇನೆ. ಸ್ಟಾರ್ಟರ್ ಡಬ್ಬಿ ಇದೆಯಲ್ಲ, ಆ ಹೊಂಗೆ ಮರದ ಕಾಂಡದ ಮೇಲೆ ಮಣ್ಣಿನ ಉಂಡೆಗಳು. ನಿಂಬೆಹಣ್ಣಿನ ಗಾತ್ರದವು, ಚಪ್ಪಟೆಯಾಗಿ ತೊಗಟೆಗೆ ಅಂಟಿಕೊಂಡಿದ್ದವು. ಕೆಲವು ಎಡಗಡೆ, ಕೆಲವು ಬಲಗಡೆ. ಕೆಲವು ದಿನ ಹೊಸದೊಂದು ಇರುತ್ತಿತ್ತು. ಕೆಲವು ದಿನ ಬುಡದಲ್ಲಿ ಪುಡಿಮಣ್ಣು ಮಾತ್ರ ಬಿದ್ದಿರುತ್ತಿತ್ತು. ಗೆದ್ದಲು ಅಲ್ಲ, ಕೆದಕಿ ನೋಡಿದೆ. ಮಕ್ಕಳ ಆಟವೂ ಅಲ್ಲ, ಅಷ್ಟು ದೂರ ಮಕ್ಕಳು ಬರುವುದಿಲ್ಲ. ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಗೂಡು ಕಟ್ಟುವ ಕಣಜದ ಹುಳ ಇರಬಹುದೇನೋ, ಸರಿಯಾಗಿ ಗೊತ್ತಿಲ್ಲ ಅಂದರು. ನಾನು 'ಗೊತ್ತಿಲ್ಲ' ಅನ್ನುವುದನ್ನು ಬಿಟ್ಟು 'ಕಣಜ' ಅನ್ನುವುದನ್ನು ಇಟ್ಟುಕೊಂಡೆ.

ಇನ್ನೊಂದು ವಿಚಿತ್ರ. ಕಾಯಿ ಕಟ್ಟುವ ಹೊತ್ತಿಗೆ ಒಂದು ಮಂಗಳವಾರ ಜೋರು ಮಳೆ ಬಂತು. ಚಾರ್ಟಿನಲ್ಲಿ ಬುಧವಾರ ಮೂರು ಗಂಟೆ ನೀರು ಅಂತ ಬರೆದಿದ್ದೆ, ಅಳಿಸುವುದು ಮರೆತೆ. ಬುಧವಾರ ಹಾಲಿನ ಗಾಡಿ ಬಿಟ್ಟು ಓಡಿ ಬಂದು ನೋಡಿದರೆ ಹೊಲ ಕೆಸರಾಗಿರಲಿಲ್ಲ. ಹದ ಅಂದರೆ ಹದ. ಪಕ್ಕದಲ್ಲಿ ದೊಡ್ಡಪ್ಪನ ಹೊಲವೂ ಕೆರೆಯಾಗಿರಬೇಕಿತ್ತು, ಮಂಗಳವಾರದ ತನಕ ಅವನ ಪಾಳಿ, ಕರೆಂಟು ಹೋಗುವ ತನಕ ಬಿಡು ಅಂತಲೇ ಅವನು ದೊಡ್ಡಮ್ಮನಿಗೆ ಹೇಳಿ ಕಳಿಸುವುದು. ಅದೂ ಆಗಿರಲಿಲ್ಲ. ನಾನು ಮೂರು ದಿನ ಯೋಚನೆ ಮಾಡಿ, ನನ್ನ ತಳಿಯ ಬೇರು ಅಷ್ಟು ಆಳಕ್ಕೆ ಹೋಗಿ, ಹೆಚ್ಚಿನ ನೀರನ್ನೆಲ್ಲ ಕುಡಿದು, ಪಕ್ಕದ ಹೊಲದ್ದನ್ನೂ ಎಳೆದುಕೊಳ್ಳುತ್ತಿದೆ ಅಂತ ಕಂಡುಹಿಡಿದೆ.

ಕಂಡುಹಿಡಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಕ ನನ್ನದಲ್ಲ. ಹೊಸದುರ್ಗದ ಕಡೆಯಿಂದ ಅಕ್ಕನ ಮೈದುನ ನಾಲ್ಕು ಜನ ಸ್ನೇಹಿತರನ್ನು ಕಟ್ಟಿಕೊಂಡು ಹತ್ತಿ ನೋಡಲು ಬಂದಾಗ ಚಾರ್ಟ್ ತೋರಿಸಿದೆ. ನಮ್ಮ ಗಿಡ ಚಾರ್ಟ್ ಓದುತ್ತದೆ, ನಾನು ತಪ್ಪು ಬರೆದರೆ ಅದೇ ತಿದ್ದಿಕೊಳ್ಳುತ್ತದೆ ಅಂದೆ. ಅವರು ಚಾರ್ಟಿನ ಫೋಟೋ ತೆಗೆದುಕೊಂಡರು. ಊಟಕ್ಕೆ ಕುಂತಾಗ ಅವರಲ್ಲೊಬ್ಬ, ಹೊಲದ ಮರದ ಮೇಲೆ ನೋಡಿದ ಉಂಡೆಗಳೇನು ಅಂತ ಕೇಳಿದ. ಕಣಜ, ನೀರಿನ ಹದ ಸರಿಯಾಗಿರುವ ಹೊಲಕ್ಕೆ ಮಾತ್ರ ಬರುತ್ತವೆ ಅಂದುಬಿಟ್ಟೆ. ಊಟ ಬಡಿಸುತ್ತಿದ್ದ ದೊಡ್ಡಮ್ಮನಿಗೆ ಕೆಮ್ಮು ಬಂತು, ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ವಾರದ ಮೇಲೆ ಆ ಹುಡುಗ ಹೊಸದುರ್ಗದಿಂದ ಫೋನ್ ಮಾಡಿದ. "ಅಣ್ಣಾ, ಆ ಕಣಜ ಹಿರಿಯೂರಲ್ಲಿ ಯಾವ ಅಂಗಡೀಲಿ ಸಿಗ್ತವೆ?"

೬. ಬೀಗದ ಕೈ

ನನ್ನ ಹತ್ತಿ ಒಡೆಯಿತು. ಎರಡೆಕರೆ ಒಟ್ಟಿಗೆ ಒಡೆಯಿತು ನೋಡಿ, ಬದುವಿನಲ್ಲಿ ನಿಂತರೆ ಕಣ್ಣು ಕುಕ್ಕುತ್ತಿತ್ತು. ಎರಡೇ ಸಲದಲ್ಲಿ ಬಿಡಿಸಿ ಮುಗಿಯಿತು. ಆ ಹೊತ್ತಿಗೆ ಮಳೆ ಹೋಗಿ ಬೋರು ಇಳಿದು, ಡ್ರಿಪ್ಪಿನ ತುದಿಗೆ ನೀರು ಮುಟ್ಟುತ್ತಿರಲಿಲ್ಲ. ದೊಡ್ಡಪ್ಪನ ಗಿಡ ಹೆಗಲು ದಾಟಿತ್ತು, ನಿಜ. ಕೆಳಗಿನ ಕಾಯಿ ಒಡೆದಿದ್ದವು, ಮೇಲಿನವು ಹಸಿರಾಗಿ ಇನ್ನೂ ಯೋಚನೆ ಮಾಡುತ್ತಿದ್ದವು. ಅವನು ಬಿಡಿಸಿ ಮುಗಿಸುವ ತನಕ ಕಾದು ಮೂಟೆ ಎಣಿಸಿದೆವು. ನನ್ನದು ಎರಡು ಮೂಟೆ ಹೆಚ್ಚು.

ದೊಡ್ಡಪ್ಪ ಕೊಟ್ಟ ಮಾತಿಗೆ ತಪ್ಪುವವನಲ್ಲ. ಒಂದು ಭಾನುವಾರ ಬೆಳಿಗ್ಗೆ ಬೀಗದ ಕೈ ಕೊಡುವುದು ಅಂತ ನಿಗದಿಯಾಯಿತು. ಅಪ್ಪ ಅವ್ವ ಹೊಳಲ್ಕೆರೆಯಿಂದ ಬಂದರು. ಸಾಕ್ಷಿ ಅಂತ ಬೀಜದ ಅಂಗಡಿಯವನನ್ನೂ ಕರೆಸಿದೆ. ನಾನು ಇಸ್ತ್ರಿ ಅಂಗಿ ಹಾಕಿದ್ದೆ. ದೊಡ್ಡಪ್ಪ ಎಷ್ಟೋ ವರ್ಷದ ಮೇಲೆ ಹೊಂಗೆ ಮರದ ನೆರಳಿಗೆ ಬಂದ, ಡಬ್ಬಿಯಿಂದ ನಾಲ್ಕು ಮಾರು ದೂರದಲ್ಲೇ ನಿಂತ. ಉಡಿದಾರದಿಂದ ಬೀಗದ ಕೈ ಬಿಚ್ಚಿ, ಎಲೆ ಅಡಿಕೆ ಮೇಲೆ ಇಟ್ಟು, "ತಗ ಮಗಾ, ಇನ್ಮೇಲೆ ನೀರು ನಿಂದು" ಅಂದ. ಕಾಲಿಗೆ ಬಿದ್ದು ತೆಗೆದುಕೊಂಡೆ.

ಬೀಗಕ್ಕೆ ಹಾಕಿ ತಿರುಗಿಸಿದೆ. ತಿರುಗಲಿಲ್ಲ. ಇನ್ನೊಂದು ಕಡೆಯಿಂದ ಹಾಕಿದೆ. ಅಪ್ಪ ಬಂದು ನೋಡಿದ. ಅಂಗಡಿಯವನು ಎಣ್ಣೆ ಬಿಡ್ರಿ ಅಂದ. ದೊಡ್ಡಪ್ಪ ದೂರದಿಂದಲೇ, ಬಲಕ್ಕೆ ಒತ್ತಿ ತಿರುಗಿಸು, ದಿನಾ ತೆಗೆಯೋ ಬೀಗ ಅದು ಅಂತ ಹೇಳಿಕೊಟ್ಟ. ಬೀಗ ಅಲ್ಲಾಡಲಿಲ್ಲ.

ಆಗ ದೊಡ್ಡಮ್ಮ ಮುಂದೆ ಬಂದಳು. ತುರುಬಿಗೆ ಕೈ ಹಾಕಿ ಒಂದು ಹೇರ್‌ಪಿನ್ ತೆಗೆದಳು. ಬೀಗದೊಳಗೆ ಇಟ್ಟು ಒಂದು ಸಲ ಅಲುಗಿಸಿದಳು. ಟಕ್ ಅಂತ ಬಿಚ್ಚಿಕೊಂಡಿತು.

ದೊಡ್ಡಪ್ಪ ಕೇಳಿದ, ಎಷ್ಟು ದಿನದಿಂದ ಅಂತ.

"ನಿಮ್ ಬೀಗದ ಕೈ ಹಲ್ಲು ಸವೆದು ನಾಕು ವರ್ಷ ಆತು" ಅಂದಳು ಆಕೆ. "ದಿನಾ ಕೇಳಿ ಇಸ್ಕಂಡು ಹೋದ್ರೆ ನಿಮಗೊಂದು ಸಮಾಧಾನ ಅಂತ ಇಸ್ಕಣ್ತಿದ್ದೆ."

ದೊಡ್ಡಪ್ಪ ಅಲ್ಲೇ ಬದುವಿನ ಮೇಲೆ ಕುಂತ. "ಕರೆಂಟು ಹೋಗಾ ತನಕ ನೀರು ಬಿಡು ಅಂತ ನಾನು ಹೇಳ್ತಿದ್ನಲ್ಲ?" ಅಂತ ಮೆಲ್ಲಗೆ ಕೇಳಿದ. ಹೇಳ್ತಿದ್ರಿ ಅಂದಳು. ಹಾಗಾದರೆ ನನ್ನ ಚಾರ್ಟ್ ಅಂತ ಕೇಳಿದೆ.

"ಓದಿದೆ ಮಗಾ. ಅಕ್ಷರ ಬಾಳ ಚೆನ್ನಾಗಿದ್ವು."

ಆಮೇಲೆ ಆಕೆ ನನ್ನ ಹೊಲದ ಬದಿಗೆ ಹೋಗಿ, ಒಂದು ಗೇಣು ಮಣ್ಣು ಕೆದಕಿ, ಕೆಳಗಿನ ಮಣ್ಣು ಒಂದು ಹಿಡಿ ತೆಗೆದು ಉಂಡೆ ಕಟ್ಟಿದಳು. ಮರದ ಕಾಂಡಕ್ಕೆ ಬೀಸಿ ಹೊಡೆದಳು. ಒಣಗಿದ ಮಣ್ಣು, ಪುಡಿಯಾಗಿ ಬುಡಕ್ಕೆ ಉದುರಿತು. ಉದುರಿದರೆ ನೀರು, ಅಂಟಿದರೆ ಬೇಡ, ಅಷ್ಟೇ ಅಂದಳು. ಎಡಗಡೆಯವು ನನ್ನ ಹೊಲದ ಉಂಡೆ, ಬಲಗಡೆಯವು ದೊಡ್ಡಪ್ಪನ ಹೊಲದ್ದು. ತನ್ನ ಅವ್ವ ತೋಟದ ಕಲ್ಲಿಗೆ ಹೊಡೆಯುತ್ತಿದ್ದಳಂತೆ, ಇಲ್ಲಿ ಕಲ್ಲಿಲ್ಲ ಅಂತ ಮರಕ್ಕೆ.

ಬೀಜದ ಅಂಗಡಿಯವನು ನನ್ನ ಮುಖ ನೋಡಿ, ಕಣಜ ಸಿಕ್ತಲ್ಲ ಬಿಡ್ರಿ ಅಂದ. ಹೊಸದುರ್ಗದ ಹುಡುಗ ಅವನ ಅಂಗಡಿಗೂ ಹೋಗಿ ಕೇಳಿದ್ದನಂತೆ.

ನಾನು ಸೋಲುವವನಲ್ಲ. ಹಾಗಾದರೆ ಅವತ್ತು ನಾನು ಪಾಳಿ ಬೇಡ ಅಂದಾಗ ನೆಲ ಹದವಾಗಿದೆ ಅಂತ ನಿನಗೆ ಗೊತ್ತಿತ್ತು ತಾನೇ, ನನ್ನ ಮಾತು ಸರಿ ಇತ್ತು ತಾನೇ ಅಂತ ಕೇಳಿದೆ.

"ಗೊತ್ತಿತ್ತು. ಬೆಳಿಗ್ಗೆನೇ ಉಂಡೆ ಅಂಟಿತ್ತು."

"ಮತ್ತೆ ಹೇಳಬೇಕಾಗಿತ್ತು ದೊಡ್ಡಮ್ಮ. ಊರೆಲ್ಲ ಸೇರಿ ನನ್ನ ಸನ್ಯಾಸಿ ಮಾಡಿತ್ತು."

ಆಕೆ ಅಪ್ಪನ ಕಡೆ ತಿರುಗಿದಳು. "ನಿಮ್ಮಪ್ಪ ಊರಿಗೆ ಬಂದು ಎರಡು ತಿಂಗಳಾಗಿತ್ತು. ಹಂಗಾದ್ರೂ ಬರ್ಲಿ ಅಂತ ಸುಮ್ನಿದ್ದೆ."

ಅಪ್ಪ ಕೆಮ್ಮಿದ. ದೊಡ್ಡಪ್ಪ ನಗಲು ಶುರು ಮಾಡಿದ, ಆಮೇಲೆ ಅವ್ವ, ಆಮೇಲೆ ಎಲ್ಲರೂ. ನಾನೂ ನಕ್ಕೆ. ತಳಿ ಆರಿಸಿದ್ದು ನಾನೇ ಅಂತ ಎರಡು ಸಲ ಜೋರಾಗಿ ಹೇಳಿದೆ, ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ದೊಡ್ಡಮ್ಮ ದನದ ತೊಟ್ಟಿಗೆ ನೀರು ಬಿಡಲು ಮೋಟರ್ ಹಾಕಿ, ಡಬ್ಬಿ ಮುಚ್ಚಿ, ಬೀಗ ಒತ್ತಿದಳು. ಹೇರ್‌ಪಿನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು ರೊಟ್ಟಿ ಮಾಡಲು ಹೊರಟಳು.

ನನಗೆ ಸಿಕ್ಕಿದ್ದು ಹಲ್ಲು ಸವೆದ ಬೀಗದ ಕೈ.